ಇಂಗ್ಲಿಷ್ ವ್ಯಾಕರಣ ಬೋಧನೆ: ತೊಕ್ಕೊಟ್ಟು ಸುತ್ತಿನ ತರಗತಿಗಳಲ್ಲಿ

ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೂ ವಯಸ್ಕರಿಗೂ ಆ ಭಾಷೆಯಲ್ಲಿ ವಾಕ್ಯ ಕಟ್ಟುವ ಬಗೆಯನ್ನು ಹಂತಹಂತವಾಗಿ ಕಲಿಸುವ ಕೆಲಸವೇ ಇಂಗ್ಲಿಷ್ ವ್ಯಾಕರಣ ಬೋಧನೆ. ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ಮುಂದಕ್ಕೆ ಇಟ್ಟುಕೊಳ್ಳಬೇಕು, ನಿಯಮವನ್ನು ಬಾಯಿಬಿಟ್ಟು ಹೇಳಬೇಕೇ ಅಥವಾ ಬಳಕೆಯಲ್ಲೇ ಅದು ಕೂಡಿಬರಲು ಬಿಡಬೇಕೇ ಎಂಬ ಪ್ರಶ್ನೆಗಳ ಸುತ್ತ ಈ ಕ್ಷೇತ್ರದ ಚರ್ಚೆ ಬೆಳೆದಿದೆ. ಕರ್ನಾಟಕದ ಕರಾವಳಿಯಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಶಾಲೆಗೆ ಕಾಲಿಡುವ ಮಗುವಿಗೆ ಆಗಲೇ ಮೂರೋ ನಾಲ್ಕೋ ಭಾಷೆಗಳ ವ್ಯಾಕರಣ ನಾಲಗೆಯ ಮೇಲಿದ್ದರೆ ಅದನ್ನು ಇಂಗ್ಲಿಷ್ ಪಾಠಕ್ಕೆ ಬಳಸಿಕೊಳ್ಳುವುದು ಹೇಗೆ? ಈ ಲೇಖನ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೆ.

ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿ ಕಡೆಗೆ ಹೊರಟರೆ ಸಿಗುವ ದೊಡ್ಡ ಜಂಕ್ಷನ್ ತೊಕ್ಕೊಟ್ಟು. ಬಲಕ್ಕೆ ಉಳ್ಳಾಲದ ದಾರಿ, ಎಡಕ್ಕೆ ದೇರಳಕಟ್ಟೆ, ಕೊಣಾಜೆ, ಮುಡಿಪುಗಳ ದಾರಿ, ನೇರ ಹೋದರೆ ಕೇರಳದ ಗಡಿ. ಈ ಕೆಲವೇ ಕಿಲೋಮೀಟರುಗಳ ಒಳಗೆ ಇಂಗ್ಲಿಷ್ ಕಲಿಕೆಯ ಎಲ್ಲ ಹಂತಗಳೂ ಇವೆ: ಅಂಗನವಾಡಿ, ಸರಕಾರಿ ಕನ್ನಡ ಶಾಲೆ, ಅನುದಾನಿತ ಪ್ರೌಢಶಾಲೆ, ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ, ಪಿಯು ಕಾಲೇಜು, ದೇರಳಕಟ್ಟೆಯ ವೈದ್ಯಕೀಯ ಹಾಗೂ ನರ್ಸಿಂಗ್ ಕಾಲೇಜುಗಳು, ಕೊಣಾಜೆಯಲ್ಲಿ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ. ಬೆಳಿಗ್ಗೆ ಎಂಟರ ಹೊತ್ತಿಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬರುವ ಬಸ್ಸುಗಳಲ್ಲಿ ಕೇಳುವ ಮಾತು ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳಂ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಗುವಿಗೆ ಇಂಗ್ಲಿಷ್ ಎರಡನೆಯ ಭಾಷೆ ಎಂದು ಪಠ್ಯಪುಸ್ತಕದ ಮುಖಪುಟ ಹೇಳುತ್ತದೆ. ಎಣಿಸಿ ನೋಡಿದರೆ ಅದು ನಾಲ್ಕನೆಯದು.

ಇಂಗ್ಲಿಷ್ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಈ ನೆಲದಲ್ಲಿ ಯಾರೂ ವಿವರಿಸಬೇಕಾಗಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಿಗೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗಲಿಲ್ಲ. ತನ್ನ ಊರಿನ ಮಕ್ಕಳಿಗೆ ಆ ಗತಿ ಬರಬಾರದೆಂದು ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಅವರು ದುಡಿದರು. ಆ ಶಾಲೆ ಮದರಸದ ಕೋಣೆಯಲ್ಲಿ ಆರಂಭವಾಗಿ ಸ್ವಂತ ಕಟ್ಟಡಕ್ಕೆ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರಿಗೆ ಅಂದು ಬೇಕಾಗಿದ್ದ ಇಂಗ್ಲಿಷ್ ಒಂದು ಪ್ರಶ್ನೆಯನ್ನು ಗುರುತಿಸುವಷ್ಟು, ಒಂದು ಸಂಖ್ಯೆಯನ್ನು ಹೇಳುವಷ್ಟು. ವ್ಯಾಕರಣದ ಮೊದಲ ಹಂತ ಎಷ್ಟು ಚಿಕ್ಕದು, ಆದರೆ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಹಿನ್ನೆಲೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ತೆರೆಯಿತು. 1868ರಲ್ಲಿ ಸರಕಾರಿ ಕಾಲೇಜು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಹೈಸ್ಕೂಲು, 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಬಂದವು. ಇದೇ ಅವಧಿಯಲ್ಲಿ ಕರಾವಳಿಯ ಭಾಷೆಗಳ ವ್ಯಾಕರಣಗಳು ಇಂಗ್ಲಿಷಿನಲ್ಲಿ ಅಚ್ಚಾದವು. ಬ್ರಿಗೆಲ್ಲರ ತುಳು ವ್ಯಾಕರಣ 1872ರದು. ಜೆಸ್ವಿಟ್ ಪಾದ್ರಿ ಮಾಫೈಯವರ ಕೊಂಕಣಿ ವ್ಯಾಕರಣ 1882ರದು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ, ಕನ್ನಡ ವ್ಯಾಕರಣ 1903ರಲ್ಲಿ ಹೊರಬಂದವು. ಇಂಗ್ಲಿಷ್ ಓದು ಬಲ್ಲವರು ಇಲ್ಲಿನ ಭಾಷೆ ಕಲಿಯಲೆಂದು ಸಿದ್ಧವಾದ ಪುಸ್ತಕಗಳಿವು. ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಈ ದುಡಿಮೆ ಇಂಗ್ಲಿಷ್ ಕಲಿಯುವ ಇಲ್ಲಿನ ಮಗುವಿಗೂ ಅಷ್ಟೇ ಬೇಕಾಗಿತ್ತು. ಆದರೆ ಶಾಲೆಯ ಇಂಗ್ಲಿಷ್ ತರಗತಿ ನೆಚ್ಚಿಕೊಂಡದ್ದು ಬೇರೆ ಪುಸ್ತಕಗಳನ್ನು. ಮೊದಲು ನೆಸ್‌ಫೀಲ್ಡ್ ಅವರ, 1930ರ ದಶಕದ ನಂತರ ರೆನ್ ಮತ್ತು ಮಾರ್ಟಿನ್ ಅವರ ಇಂಗ್ಲಿಷ್ ವ್ಯಾಕರಣ. ವಾಕ್ಯವನ್ನು ಬಿಡಿಬಿಡಿಯಾಗಿ ಒಡೆದು ಪದಗಳಿಗೆ ಹೆಸರಿಡುವ 'ಪಾರ್ಸಿಂಗ್', ಕನ್ನಡದಿಂದ ಇಂಗ್ಲಿಷಿಗೆ ಅನುವಾದ, ನಿಯಮದ ಬಾಯಿಪಾಠ ಈ ಕಾಲದ ಪದ್ಧತಿ. ರೆನ್ ಮತ್ತು ಮಾರ್ಟಿನ್ ಇಂದಿಗೂ ಮಂಗಳೂರಿನ ಪುಸ್ತಕದಂಗಡಿಗಳಲ್ಲಿ ಕೆಂಪು ರಟ್ಟು ಹೊತ್ತು ಮಾರಾಟವಾಗುತ್ತದೆ. ಅದನ್ನು ಹಳತೆಂದು ತಳ್ಳಿಹಾಕುವವರು ಅದರ ಅಭ್ಯಾಸಗಳ ಅಚ್ಚುಕಟ್ಟನ್ನು ಗಮನಿಸಿಲ್ಲ. ಅದರ ತೊಂದರೆ ಬೇರೆ ಕಡೆ ಇದೆ: ಪದವರ್ಗದಿಂದ ಪದವರ್ಗಕ್ಕೆ ಸಾಗುವ ಆ ಪುಸ್ತಕ ಭಾಷೆಯನ್ನು ವಿಂಗಡಿಸುತ್ತದೆಯೇ ಹೊರತು, ಕಲಿಯುವವರು ಯಾವ ಹಂತದಲ್ಲಿದ್ದಾರೆಂದು ಕೇಳುವುದಿಲ್ಲ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದರಾಸಿನಿಂದ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿದವು. ತಲಪಾಡಿಯ ಆಚೆ ಈಚೆಯ ಕನ್ನಡ ಶಾಲೆಗಳು ಅಂದಿನಿಂದ ಎರಡು ಪಠ್ಯಕ್ರಮಗಳಲ್ಲಿ ಇಂಗ್ಲಿಷ್ ಕಲಿಸುತ್ತಿವೆ. ಅದೇ ದಶಕದಲ್ಲಿ ದಕ್ಷಿಣ ಭಾರತದಾದ್ಯಂತ 'ಸ್ಟ್ರಕ್ಚರಲ್' ಪದ್ಧತಿ ಹರಡಿತು. ನಿಯಮ ಹೇಳುವ ಬದಲು ವಾಕ್ಯದ ಮಾದರಿಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಸನ್ನಿವೇಶ ತೋರಿಸಿ, ಬಾಯಲ್ಲಿ ಆಡಿಸಿ ಕೂರಿಸುವುದು ಅದರ ಬಗೆ. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರ ತರಬೇತಿಗೆಂದು ಆರಂಭವಾದವು. ವ್ಯಾಕರಣಕ್ಕೆ 'ಹಂತ' ಎಂಬ ಕಲ್ಪನೆಯನ್ನು ಇಲ್ಲಿನ ಶಾಲೆಗಳಲ್ಲಿ ಗಟ್ಟಿಯಾಗಿ ಊರಿದ್ದು ಈ ಪದ್ಧತಿ.

ಅದಕ್ಕೆ ಬಂದ ದೊಡ್ಡ ಸವಾಲೂ ಕರ್ನಾಟಕದ್ದೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳುತನದಲ್ಲಿ ಬೆಂಗಳೂರು, ಮದರಾಸು ಮುಂತಾದ ಕಡೆಯ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ಅಲ್ಲಿ ವ್ಯಾಕರಣದ ಪಟ್ಟಿಯನ್ನೇ ಕೈಬಿಡಲಾಗಿತ್ತು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದುವನ್ನು ಕೊಟ್ಟು ತಲೆ ಓಡಿಸಿ ಬಿಡಿಸಬೇಕಾದ ಕೆಲಸ ಹಚ್ಚುತ್ತಿದ್ದರು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗೆ ಕೂಡಿಬರುತ್ತದೆ ಎಂಬುದು ಪ್ರಭು ಅವರ ನಿಲುವು. 1987ರಲ್ಲಿ ಅವರು ಇದನ್ನು ಪುಸ್ತಕವಾಗಿ ಬರೆದರು. ಇಂದು ಎಲ್ಲೆಡೆ ಚಾಲ್ತಿಯಲ್ಲಿರುವ 'ಟಾಸ್ಕ್' ಆಧಾರಿತ ಬೋಧನೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು.

ಕಲಿಸುವ ಕ್ರಮ, ಕಲಿಯುವ ಕ್ರಮ

ಪಠ್ಯಪುಸ್ತಕದ ಕ್ರಮ ಒಂದು, ಮಗು ಕಲಿಯುವ ಕ್ರಮ ಇನ್ನೊಂದು. 1970ರ ದಶಕದಲ್ಲಿ ನಡೆದ ಅಧ್ಯಯನಗಳು ಇದನ್ನು ಮುಂದಿಟ್ಟವು. ಬೇರೆ ಬೇರೆ ಮನೆಮಾತಿನ ಮಕ್ಕಳು ಇಂಗ್ಲಿಷಿನ 'ಇಂಗ್' ಪ್ರತ್ಯಯವನ್ನೂ ಬಹುವಚನವನ್ನೂ ಬೇಗ ಹಿಡಿಯುತ್ತಾರೆ. 'ಹಿ ಗೋಸ್', 'ಶಿ ಈಟ್ಸ್' ಎಂಬಲ್ಲಿಯ ಕೊನೆಯ 'ಸ್' ಬಹಳ ತಡವಾಗಿ ನೆಲೆಯಾಗುತ್ತದೆ. ನಿಯಮವಾಗಿ ಹೇಳಿದರೆ ಅದರಷ್ಟು ಸುಲಭದ್ದು ಬೇರೆ ಇಲ್ಲ, ಆದ್ದರಿಂದ ಕೆಳತರಗತಿಯಲ್ಲೇ ಅದನ್ನು ಕಲಿಸಿ ಮುಗಿಸುತ್ತಾರೆ. ಪದವಿ ಮುಗಿಸಿದವರ ಮಾತಿನಲ್ಲೂ ಅದು ಬಿಟ್ಟುಹೋಗುವುದುಂಟು. ಜರ್ಮನಿಯ ಮಾನ್‌ಫ್ರೆಡ್ ಪೀನೆಮನ್ 1980ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ಹಂತ ಕೈಗೆ ಬಂದಿರದಿದ್ದರೆ ಮುಂದಿನದನ್ನು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಅದು ಮಾತಿಗೆ ಇಳಿಯುವುದಿಲ್ಲ ಎಂದು ತೋರಿಸಿದರು.

ಇದರ ಪಾಠ ನಮ್ಮ ಶಾಲೆಗಳಿಗೆ ನೇರವಾಗಿ ತಟ್ಟುತ್ತದೆ. 'ಟೆನ್ಸ್' ಎಂಬ ಪಾಠ ಆರನೆಯ ತರಗತಿಯಲ್ಲಿದೆ, ಎಂಟರಲ್ಲಿದೆ, ಹತ್ತರಲ್ಲಿದೆ, ಪಿಯುಸಿಯಲ್ಲಿದೆ, ತೊಕ್ಕೊಟ್ಟಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಮೊದಲ ದಿನವೂ ಇದೆ. ಹನ್ನೆರಡು ಟೆನ್ಸುಗಳ ಅದೇ ಕೋಷ್ಟಕ ಪ್ರತಿ ವರ್ಷ ಬೋರ್ಡಿನ ಮೇಲೆ ಬರುತ್ತದೆ. ಮಕ್ಕಳು ಅದನ್ನು ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಾರೆ. ಅದೇ ಪಾಠ ಮರುವರ್ಷ ಮರಳಿ ಬಂದಿತೆಂದರೆ ಮೇಲೇರಿದಂತೆ ಆಗುವುದಿಲ್ಲ. ಮೊದಲ ಸಲ ಗುರುತಿಸುವುದು, ಎರಡನೆಯ ಸಲ ಸಿದ್ಧ ವಾಕ್ಯದಲ್ಲಿ ಬಳಸುವುದು, ಮೂರನೆಯ ಸಲ ತನ್ನದೇ ಸುದ್ದಿ ಹೇಳಲು ಬಳಸುವುದು ಎಂದು ನಿರೀಕ್ಷೆ ಬದಲಾದರೆ ಮಾತ್ರ ಹಂತ ಎಂಬ ಮಾತಿಗೆ ಅರ್ಥ ಬರುತ್ತದೆ.

ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಆರು ಮಟ್ಟಗಳ ಚೌಕಟ್ಟು (ಎ1, ಎ2, ಬಿ1, ಬಿ2, ಸಿ1, ಸಿ2) ಇಂಥದೇ ಯೋಚನೆಯದು. ಕಲಿಯುವವರಿಗೆ ಯಾವ ನಿಯಮ ಗೊತ್ತು ಎನ್ನುವುದನ್ನು ಬಿಟ್ಟು, ಆ ಭಾಷೆಯಲ್ಲಿ ಏನು ಮಾಡಬಲ್ಲರು ಎಂಬುದನ್ನು ಅದು ಅಳೆಯುತ್ತದೆ. ರೇಮಂಡ್ ಮರ್ಫಿಯವರ ವ್ಯಾಕರಣ ಪುಸ್ತಕಗಳು ಕೆಂಪು, ನೀಲಿ ರಟ್ಟಿನಲ್ಲಿ ಬೇರೆ ಬೇರೆ ಮಟ್ಟದವರಿಗೆಂದೇ ಬಂದವು. ನೀಲಿ ಪುಸ್ತಕದ ಮೊದಲ ಮುದ್ರಣ 1985ರದು. ಕರ್ನಾಟಕದಲ್ಲಿ 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಮೊದಲುಗೊಂಡ ನಲಿ-ಕಲಿ ಪದ್ಧತಿಯ ಮೆಟ್ಟಿಲು, ಮೈಲಿಗಲ್ಲುಗಳೂ ಮಗು ತನ್ನ ವೇಗದಲ್ಲಿ ಮೇಲೇರಲೆಂದೇ ಇರುವಂಥವು. ಕೆಳತರಗತಿಗಳಲ್ಲಿ ನಾವು ಒಪ್ಪಿಕೊಂಡಿರುವ ಈ ತತ್ವವನ್ನು ಪ್ರೌಢಶಾಲೆಯ ಇಂಗ್ಲಿಷಿಗೆ ಏಕೆ ಒಯ್ಯಲಿಲ್ಲ ಎಂಬುದು ಗಂಭೀರವಾಗಿ ಕೇಳಬೇಕಾದ ಪ್ರಶ್ನೆ.

ಮನೆಮಾತಿನ ಬಂಡವಾಳ

ತೊಕ್ಕೊಟ್ಟಿನ ತರಗತಿಯಲ್ಲಿ ಕೇಳಿಬರುವ ಇಂಗ್ಲಿಷ್ ತಪ್ಪುಗಳಲ್ಲಿ ಹೆಚ್ಚಿನವು ಅಡ್ಡಾದಿಡ್ಡಿಯಾಗಿ ಬಂದವಲ್ಲ. ಭಾಷಾವಿಜ್ಞಾನಿ ಎಸ್. ಪಿಟ್ ಕಾರ್ಡರ್ 1967ರಲ್ಲೇ ಹೇಳಿದ ಹಾಗೆ ಕಲಿಯುವವರ ತಪ್ಪು ಅವರು ಒಳಗೊಳಗೇ ಕಟ್ಟಿಕೊಂಡ ವ್ಯವಸ್ಥೆಯ ಸುಳಿವು. 'ಹಿ ಮೈ ಬ್ರದರ್' ಎನ್ನುವ ಮಗು 'ಅವನು ನನ್ನ ತಮ್ಮ' ಎಂಬ ಪೂರ್ಣ ವಾಕ್ಯವನ್ನೇ ಆಡಿದೆ, ಅಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡ. 'ಐ ಆಮ್ ನೋಯಿಂಗ್' ಎಂಬುದರ ಹಿಂದೆ 'ಗೊತ್ತಿದೆ' ಇದೆ. 'ಮೈ ಫಾದರ್, ದೇ ಆರ್ ಇನ್ ದುಬೈ' ಎಂದರೆ ಅಪ್ಪನನ್ನು ಏಕವಚನದಲ್ಲಿ ಕರೆಯಲು ಮಗುವಿನ ಬಾಯಿ ಬರಲಿಲ್ಲ ಎಂದರ್ಥ. 'ಗಿವ್ ಪೆನ್ ಒನ್ಸ್' ಎಂಬುದು ಒರಟು ಮಾತಲ್ಲ. 'ಒಮ್ಮೆ ಪೆನ್ ಕೊಡಿ' ಎಂಬಲ್ಲಿಯ 'ಒಮ್ಮೆ' ಮಂಗಳೂರಿನಲ್ಲಿ ವಿನಯದ ಮಾತು, ತುಳುವಿನ 'ಒರ' ಕೂಡ ಹಾಗೆಯೇ. ಆ ವಿನಯಕ್ಕೆ ಇಂಗ್ಲಿಷಿನಲ್ಲಿ 'ಕುಡ್ ಯು' ಎಂಬ ರೂಪವಿದೆ ಎಂದು ತಿಳಿಸಿದರೆ ಮಗು ಅದನ್ನು ಕೂಡಲೇ ಹಿಡಿಯುತ್ತದೆ. ಏಕೆಂದರೆ ಅದಕ್ಕೆ ಹೇಳಬೇಕಾದದ್ದು ಮೊದಲೇ ಮನಸ್ಸಿನಲ್ಲಿತ್ತು.

ಮನೆಮಾತು ತಪ್ಪನ್ನಷ್ಟೇ ತರುವುದಿಲ್ಲ, ಹಿಡಿದು ಹತ್ತಲು ಆಸರೆಯನ್ನೂ ಕೊಡುತ್ತದೆ. ಇದನ್ನು ಬಳಸುವ ಶಿಕ್ಷಕರು ಇದ್ದಾರೆ, ಆದರೆ ಪಠ್ಯಪುಸ್ತಕ ಅವರಿಗೆ ನೆರವಾಗುವುದಿಲ್ಲ. 'ಎ' ಮತ್ತು 'ದ' ಎಂಬ ಆರ್ಟಿಕಲ್‌ಗಳನ್ನೇ ನೋಡೋಣ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ಇದು ನಮ್ಮ ಮಕ್ಕಳಿಗೆ ಕಷ್ಟ ಎಂದು ಹೇಳಿ ಪಾಠ ಶುರುಮಾಡುವುದು ವಾಡಿಕೆ. ಆದರೆ 'ಪುಸ್ತಕ ತಂದೆ', 'ಪುಸ್ತಕವನ್ನು ತಂದೆ' ಎಂಬ ಎರಡು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು, ಯಾವ ವಾಕ್ಯದಲ್ಲಿ ಇಬ್ಬರಿಗೂ ಗೊತ್ತಿರುವ ಪುಸ್ತಕದ ಮಾತಿದೆ ಎಂದು ಕೇಳಿದರೆ ಏಳನೆಯ ತರಗತಿಯ ಮಕ್ಕಳು ಎರಡನೆಯದಕ್ಕೆ ಕೈತೋರಿಸಬಲ್ಲರು. ನಿರ್ಜೀವ ವಸ್ತುಗಳ ವಿಷಯದಲ್ಲಿ ಕನ್ನಡದ ದ್ವಿತೀಯಾ ಪ್ರತ್ಯಯ ಮಾಡುವ ಕೆಲಸದಲ್ಲಿ ಒಂದು ಪಾಲು ಇಂಗ್ಲಿಷಿನ 'ದ' ಮಾಡುವಂಥದೇ. ಎರಡೂ ಪೂರ್ತಿ ಒಂದೇ ಅಲ್ಲ. ಕರ್ತೃಪದದಲ್ಲಿ ಈ ಉಪಾಯ ನಡೆಯುವುದಿಲ್ಲ, ಮನುಷ್ಯರನ್ನು ಕುರಿತ ಮಾತಿನಲ್ಲೂ ನಡೆಯುವುದಿಲ್ಲ. ಆದರೂ 'ಗೊತ್ತಿರುವುದು, ಗೊತ್ತಿಲ್ಲದ್ದು' ಎಂಬ ವ್ಯತ್ಯಾಸವನ್ನು ಭಾಷೆ ಗುರುತು ಹಾಕಿ ತೋರಿಸುತ್ತದೆ ಎಂಬ ತಿಳಿವಳಿಕೆ ಮಗುವಿಗೆ ತನ್ನದೇ ಮಾತಿನಿಂದ ಸಿಗುತ್ತದೆ. ಆಮೇಲೆ 'ದ' ಕಲಿಸುವುದು ಬೇರೆಯೇ ಪಾಠವಾಗುತ್ತದೆ.

ಪರ್ಫೆಕ್ಟ್ ಟೆನ್ಸ್ ಇನ್ನೊಂದು. ತುಳುವಿನಲ್ಲಿ 'ಆರ್ ಬತ್ತೆರ್' ಎಂದರೆ ಅವರು ಬಂದರು, 'ಆರ್ ಬೈದೆರ್' ಎಂದರೆ ಅವರು ಬಂದಿದ್ದಾರೆ. ಮನೆಗೆ ನೆಂಟರು ಬಂದು ಚಾವಡಿಯಲ್ಲಿ ಕುಳಿತಿರುವಾಗ ಅಮ್ಮನಿಗೆ ಹೇಳಲು ಓಡುವ ಮಗು 'ಬೈದೆರ್' ಎಂದೇ ಕೂಗುತ್ತದೆ. ಬಂದ ಫಲ ಈಗ ಕಣ್ಣೆದುರಿಗಿದೆ ಎಂಬುದು 'ಹ್ಯಾವ್ ಕಮ್' ಎಂಬುದರ ಒಳಗಿನ ಅರ್ಥವೂ ಹೌದು. ಇಷ್ಟನ್ನು ತೋರಿಸಿದ ಮೇಲೆ ಎರಡು ಭಾಷೆಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನೂ ತೋರಿಸಬೇಕು. 'ಅವರು ನಿನ್ನೆ ಬಂದಿದ್ದಾರೆ' ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು, ತುಳುವಿನಲ್ಲೂ ಹೇಳಬಹುದು. ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ' ಬಂದ ಕೂಡಲೇ 'ಹ್ಯಾವ್' ಹೊರಗೆ ಹೋಗಬೇಕು. 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎಂಬ ವಾಕ್ಯ ಈ ಪ್ರದೇಶದಲ್ಲಿ ಇಷ್ಟು ಹಬ್ಬಿರುವುದಕ್ಕೆ ಕಾರಣ ಇದು. ಕೆಂಪು ಶಾಯಿಯಲ್ಲಿ ಗೀಟು ಹಾಕಿ 'ಸಾ' ಎಂದು ಬರೆದುಕೊಟ್ಟರೆ ವಿದ್ಯಾರ್ಥಿಗೆ ತಾನು ಎಲ್ಲಿ ಎಡವಿದೆ ಎಂದು ತಿಳಿಯುವುದಿಲ್ಲ. ನಿನ್ನೆ, ಮೊನ್ನೆ, 2019ರಲ್ಲಿ ಎಂದು ಕಾಲಕ್ಕೆ ಮೊಳೆ ಹೊಡೆದಾಗ ಇಂಗ್ಲಿಷ್ ಸರಳ ಭೂತಕಾಲವನ್ನೇ ಕೇಳುತ್ತದೆ ಎಂಬ ಒಂದು ಮಾತು, ಮೂರು ಭಾಷೆಗಳ ಮೂರು ವಾಕ್ಯ, ಇಷ್ಟು ಸಾಕು.

ಗಡಿಯ ಆಚೆಯಿಂದ ಬರುವ ಮಲಯಾಳಂ ಮನೆಮಾತಿನ ಮಕ್ಕಳ ತೊಡಕು ಬೇರೆ. ಕನ್ನಡ, ತುಳು, ಕೊಂಕಣಿಗಳಲ್ಲಿ ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ. ಮಲಯಾಳಂನಲ್ಲಿ ನಾನು, ನೀನು, ಅವಳು ಎಲ್ಲರಿಗೂ ಕ್ರಿಯಾಪದ ಒಂದೇ. ಹಾಗಾಗಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ 'ಶಿ ಗೋ' ಎಂಬ ಒಂದೇ ತಪ್ಪಿಗೆ ಎರಡು ಮೂಲಗಳಿರಬಹುದು. ಪುತ್ತೂರು ಕಡೆಯ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ನೋಡುವುದನ್ನು ಬಿಟ್ಟು ಕನ್ನಡದ್ದೇ ಬಗೆಯಲ್ಲಿ ನೋಡಬೇಕೆಂದು ದಶಕಗಳ ಕಾಲ ವಾದಿಸಿದರು. ಅವರ ಮಾತು ಇಂಗ್ಲಿಷ್ ಶಿಕ್ಷಕರಿಗೂ ಸಲ್ಲುತ್ತದೆ. ತನ್ನ ಮಾತು ಹೇಗೆ ನಡೆಯುತ್ತದೆಂದು ಸರಿಯಾಗಿ ಕಂಡವರಿಗೆ ಇನ್ನೊಂದರ ನಡೆ ಬೇಗ ತಿಳಿಯುತ್ತದೆ.

ತರಗತಿಯಿಂದ ತರಗತಿಗೆ

2007-08ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಅದಕ್ಕೆ ಮೊದಲು ಐದರಿಂದ ಆರಂಭವಾಗುತ್ತಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಸರಕಾರ ಮುಂದಾಯಿತು. ಮಾಧ್ಯಮದ ಜಗಳ ದೊಡ್ಡದು, ಅದರ ಚರ್ಚೆಗೆ ಇದು ಜಾಗವಲ್ಲ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಕನ್ನಡ ಮಾಧ್ಯಮದ ಮಗುವಿಗೂ ಇಂಗ್ಲಿಷ್ ಮಾಧ್ಯಮದ ಮಗುವಿಗೂ ವ್ಯಾಕರಣದ ಹಂತಗಳು ಬೇರೆಯಲ್ಲ, ಕಿವಿಗೆ ಬೀಳುವ ಇಂಗ್ಲಿಷಿನ ಪ್ರಮಾಣ ಮಾತ್ರ ಬೇರೆ.

ಮೊದಲ ಮೂರು ವರ್ಷ ವ್ಯಾಕರಣದ ಹೆಸರೇ ಎತ್ತಬೇಕಿಲ್ಲ. ಹಾಡು, ಆಜ್ಞೆ, ಹೆಸರು, ಬಣ್ಣ, 'ಮೇ ಐ ಕಮ್ ಇನ್' ಎಂಬಂಥ ಇಡಿ ವಾಕ್ಯಗಳು ಮಗುವಿನ ಕಿವಿಯಲ್ಲಿ ತುಂಬಿಕೊಳ್ಳಬೇಕು. ಅದನ್ನು ಬಿಡಿಸಿ ನೋಡುವ ವಯಸ್ಸು ಆಮೇಲೆ ಬರುತ್ತದೆ. ನಾಲ್ಕು, ಐದರಲ್ಲಿ 'ಈಸ್, ಆರ್', ಬಹುವಚನ, 'ಹ್ಯಾವ್', ಈಗ ನಡೆಯುತ್ತಿರುವುದನ್ನು ಹೇಳುವ 'ಇಂಗ್' ರೂಪ ಕೈಗೂಡುತ್ತವೆ. 'ಹ್ಯಾವ್' ಬಗ್ಗೆ ಸ್ವಲ್ಪ ನಿಲ್ಲಬೇಕು. 'ನನಗೆ ಇಬ್ಬರು ಅಕ್ಕಂದಿರಿದ್ದಾರೆ', 'ನನ್ನ ಹತ್ತಿರ ಹತ್ತು ರೂಪಾಯಿ ಇದೆ', 'ನನಗೆ ಜ್ವರ ಇದೆ' ಎಂದು ಕನ್ನಡ ಬೇರೆ ಬೇರೆ ಬಗೆಯಲ್ಲಿ ಹೇಳುವುದನ್ನೆಲ್ಲ ಇಂಗ್ಲಿಷ್ ಒಂದೇ ಕ್ರಿಯಾಪದಕ್ಕೆ ಒಪ್ಪಿಸುತ್ತದೆ. ಅದನ್ನು ಮಗು ಒಮ್ಮೆ ಕಂಡುಕೊಂಡರೆ ಮನೆಯ ಬಗ್ಗೆ, ಸಾಕಿದ ಬೆಕ್ಕಿನ ಬಗ್ಗೆ, ಚೀಲದೊಳಗಿನ ವಸ್ತುಗಳ ಬಗ್ಗೆ ಒಂದು ಪುಟ ಮಾತಾಡಬಲ್ಲದು.

ಆರು, ಏಳನೆಯ ತರಗತಿ ನಿಜವಾದ ಏರು. ಇಲ್ಲಿ ಭೂತಕಾಲದ ಕ್ರಿಯಾಪದಗಳು, 'ಇನ್, ಆನ್, ಅಟ್' ಮತ್ತು ಪ್ರಶ್ನೆಯ ವಾಕ್ಯಗಳು ಒಟ್ಟಿಗೆ ಬರುತ್ತವೆ. ಕನ್ನಡದ 'ಅಲ್ಲಿ' ಪ್ರತ್ಯಯವೊಂದೇ ತೊಕ್ಕೊಟ್ಟಿನಲ್ಲಿ, ಬಸ್ಸಿನಲ್ಲಿ, ಗೋಡೆಯಲ್ಲಿ ಎಂದು ಎಲ್ಲಕ್ಕೂ ಒದಗುವುದರಿಂದ ಮಗು ಎಲ್ಲಕ್ಕೂ 'ಇನ್' ಹಾಕುತ್ತದೆ. ಆದರೆ ಎಲ್ಲಕ್ಕಿಂತ ಕಠಿಣವಾದದ್ದು ಪ್ರಶ್ನೆ. ಕನ್ನಡದಲ್ಲಿ 'ಬಸ್ ಬರ್ತದೆ' ಎಂಬುದಕ್ಕೆ ಒಂದು ದೀರ್ಘ ಸೇರಿಸಿ 'ಬಸ್ ಬರ್ತದಾ?' ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ 'ಡು, ಡಸ್, ಡಿಡ್' ಎಂಬ ಹೊಸ ಪದ ಹುಟ್ಟಬೇಕು, ಅದು ಮುಂದಕ್ಕೆ ಬರಬೇಕು, ಕಾಲದ ಗುರುತನ್ನು ಮುಖ್ಯ ಕ್ರಿಯಾಪದದಿಂದ ಕಸಿದುಕೊಳ್ಳಬೇಕು.

ಇದನ್ನು ಕಲಿಸುವ ಒಂದು ಪಾಠವನ್ನು ಹತ್ತಿರದಿಂದ ನೋಡಬಹುದು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಬ್ಬರ ಕೈಗೆ ಉಳ್ಳಾಲ, ಕೊಣಾಜೆ ಬಸ್ಸುಗಳ ಸಮಯವನ್ನೂ ಇನ್ನೊಬ್ಬರ ಕೈಗೆ ಮುಡಿಪು, ತಲಪಾಡಿ ಬಸ್ಸುಗಳ ಸಮಯವನ್ನೂ ಬರೆದ ಚೀಟಿ ಕೊಡುವುದು. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ. ಒಂಬತ್ತೂವರೆಗೆ ಕಾಲೇಜು ತಲಪಬೇಕಾದ ಅಕ್ಕ, ಆಸ್ಪತ್ರೆಗೆ ಹೋಗಬೇಕಾದ ಅಜ್ಜಿ, ಇಬ್ಬರಿಗೂ ಯಾವ ಬಸ್ ಸರಿ ಎಂದು ಜೋಡಿ ತೀರ್ಮಾನಿಸಬೇಕು. ಮೊದಲು ಕೇಳಿಬರುವುದು 'ವೆನ್ ಮುಡಿಪು ಬಸ್ ಲೀವ್?' ಎಂಬ ವಾಕ್ಯ. ಶಿಕ್ಷಕಿ ಅಲ್ಲೇ ತಡೆದು ತಿದ್ದುವುದಿಲ್ಲ. 'ವೆನ್ ಡಸ್ ದ ಮುಡಿಪು ಬಸ್ ಲೀವ್? ಅಟ್ ಎಯ್ಟ್‌ಫಿಫ್ಟೀನ್?' ಎಂದು ತಾನೂ ಆಟಕ್ಕೆ ಸೇರಿ ಸರಿಯಾದ ರೂಪವನ್ನು ಕಿವಿಗೆ ಹಾಕುತ್ತಾಳೆ. ಕೆಲಸ ಮುಗಿದ ಮೇಲೆ ಬೋರ್ಡಿನಲ್ಲಿ ಎರಡು ಸಾಲು ಬರೆಯುತ್ತಾಳೆ: 'ದ ಬಸ್ ಲೀವ್ಸ್ ಅಟ್ ಎಯ್ಟ್', 'ವೆನ್ ಡಸ್ ದ ಬಸ್ ಲೀವ್'. ಮೊದಲ ಸಾಲಿನ ಕ್ರಿಯಾಪದದ 'ಸ್' ಎರಡನೆಯ ಸಾಲಿನಲ್ಲಿ ಎಲ್ಲಿಗೆ ಹೋಯಿತು ಎಂದು ಕೇಳುತ್ತಾಳೆ. ಹಿಂದಿನ ಬೆಂಚಿನಿಂದ ಯಾರಾದರೊಬ್ಬರು 'ಡಸ್‌ನ ಒಳಗೆ ಉಂಟು ಟೀಚರ್' ಎಂದರೆ ನಿಯಮ ಮಕ್ಕಳ ಬಾಯಿಂದಲೇ ಬಂದಂತಾಯಿತು. ಪ್ರಭು ಅವರ ಪ್ರಯೋಗದಲ್ಲಿ ಆ ಕೊನೆಯ ಎರಡು ಸಾಲು ಇರುತ್ತಿರಲಿಲ್ಲ. ಸ್ಟ್ರಕ್ಚರಲ್ ಪದ್ಧತಿಯಲ್ಲಿ ಮೊದಲ ಇಪ್ಪತ್ತು ನಿಮಿಷ ಇರುತ್ತಿರಲಿಲ್ಲ. ವಾರಕ್ಕೆ ಕೆಲವೇ ಪೀರಿಯಡ್ ಇಂಗ್ಲಿಷ್ ಸಿಗುವ ನಮ್ಮ ಶಾಲೆಗಳಿಗೆ ಎರಡೂ ಬೇಕು, ಅದೇ ಕ್ರಮದಲ್ಲಿ ಬೇಕು ಎಂಬುದು ಈ ಲೇಖನದ ನಿಲುವು.

ಎಂಟರಿಂದ ಹತ್ತರವರೆಗೆ ಪರ್ಫೆಕ್ಟ್ ಟೆನ್ಸ್, ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್, 'ಇಫ್' ವಾಕ್ಯಗಳು, ಕ್ವೆಶ್ಚನ್ ಟ್ಯಾಗ್. ಕನ್ನಡ ಪೀರಿಯಡ್ಡಿನಲ್ಲಿ ಕರ್ತರಿ, ಕರ್ಮಣಿ ಪ್ರಯೋಗ ಮುಗಿಸಿ ಎದ್ದ ಮಕ್ಕಳಿಗೆ ಮುಂದಿನ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಶಿಕ್ಷಕರು 'ವಾಯ್ಸ್' ಪಾಠವನ್ನು ಹೊಸತೆಂಬಂತೆ ಶುರುಮಾಡುತ್ತಾರೆ. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂರುವ ಇಬ್ಬರು ಶಿಕ್ಷಕರು ಪಾಠದ ಟಿಪ್ಪಣಿ ಹಂಚಿಕೊಂಡರೆ ಒಂದು ವಾರದ ಕೆಲಸ ಉಳಿಯುತ್ತದೆ. ಎಲ್ಲದಕ್ಕೂ 'ಈಸಂಟ್ ಇಟ್' ಎನ್ನುವ ಚಾಳಿ 'ಅಲ್ವಾ' ಎಂಬುದರಿಂದ ಬಂದದ್ದು. 'ನೀನು ಬರಲಿಲ್ವಾ?' ಎಂದರೆ 'ಹೌದು, ಬರಲಿಲ್ಲ' ಎನ್ನುವ ನಾವು 'ಯೆಸ್, ಐ ಡಿಂಟ್ ಕಮ್' ಎಂದುಬಿಡುತ್ತೇವೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಮಾಧ್ಯಮದವರಿಗೆ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ, ಅದರಲ್ಲಿ 80 ಲಿಖಿತ ಪರೀಕ್ಷೆಗೆ. ವ್ಯಾಕರಣ ಅಲ್ಲಿ ವಾಕ್ಯ ಬದಲಿಸುವ, ತಪ್ಪು ತಿದ್ದುವ ಬಿಡಿ ಪ್ರಶ್ನೆಗಳಾಗಿ ಬರುತ್ತದೆ. ಗೈಡ್‌ಗಳು, ಕೊನೆಯ ತಿಂಗಳ 'ಪಾಸಿಂಗ್ ಪ್ಯಾಕೇಜ್'ಗಳು ಆ ಪ್ರಶ್ನೆಗಳಿಗೆ ತಕ್ಕ ಹಾಗೆ ತಯಾರಾಗುತ್ತವೆ. ಅಂಕ ಬರುತ್ತದೆ, ಪತ್ರ ಬರೆಯಲು ಕುಳಿತಾಗ ಕೈ ನಡೆಯುವುದಿಲ್ಲ.

ಪಿಯುಸಿಯಲ್ಲಿ ಉದ್ದ ವಾಕ್ಯಗಳ ಹಂತ. ಇಲ್ಲಿಯ ಮುಖ್ಯ ತೊಡಕು ವಾಕ್ಯದ ದಿಕ್ಕು. 'ನಿನ್ನೆ ಬಂಗುಡೆ ಮಾರಿದ ಹೆಂಗಸು' ಎಂದು ಕನ್ನಡ ವಿವರವನ್ನೆಲ್ಲ ಮುಂದೆ ಇಟ್ಟು ಕೊನೆಗೆ ಹೆಂಗಸನ್ನು ತರುತ್ತದೆ. ಇಂಗ್ಲಿಷ್ ಮೊದಲು ಹೆಂಗಸನ್ನು ನಿಲ್ಲಿಸಿ 'ಹೂ' ಎಂಬ ಕೊಂಡಿಯಿಂದ ವಿವರವನ್ನು ಹಿಂದೆ ಕಟ್ಟುತ್ತದೆ. ಇದನ್ನು ಬಾಯಲ್ಲೂ ಬರಹದಲ್ಲೂ ಆಡಿಸಿ ಪಳಗಿಸದಿದ್ದರೆ ಪದವಿ ತರಗತಿಯ ವಿಜ್ಞಾನದ ಪುಸ್ತಕ ಓದುವುದೇ ಕಷ್ಟ. ಓದಿನ ತೊಂದರೆ ಎಂದು ನಾವು ಹೇಳುವುದರಲ್ಲಿ ಒಂದು ದೊಡ್ಡ ಪಾಲು ವಾಕ್ಯರಚನೆಯದು.

ವಯಸ್ಕರ ಕಲಿಕೆ

ತೊಕ್ಕೊಟ್ಟು, ದೇರಳಕಟ್ಟೆಗಳಲ್ಲಿ ಗಲ್ಫ್ ಕೆಲಸಕ್ಕೆ ಹೊರಟವರು, ಅಂಗಡಿಯವರು, ಮಕ್ಕಳ ಹೋಮ್‌ವರ್ಕ್ ನೋಡಬೇಕೆಂಬ ತಾಯಂದಿರು ಸ್ಪೋಕನ್ ಇಂಗ್ಲಿಷ್ ಕಲಿಯಲು ಬರುತ್ತಾರೆ. ಅವರಲ್ಲಿ ಹಲವರು ಆಗಲೇ ನಾಲ್ಕು ಭಾಷೆ ಸರಾಗವಾಗಿ ಆಡುವವರು, ಶಾಲೆಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಫೇಲಾದವರು. ಅವರಿಗೆ ಹನ್ನೆರಡು ಟೆನ್ಸಿನ ಕೋಷ್ಟಕವನ್ನು ಮತ್ತೆ ತೋರಿಸುವುದು ಹಳೆಯ ಗಾಯ ಕೆದಕಿದಂತೆ. ಮಾಡಿದ್ದು, ಮಾಡುತ್ತಿರುವುದು, ಮಾಡಲಿರುವುದು ಎಂಬ ಮೂರು ರೂಪ, ಕೇಳುವ ವಾಕ್ಯ, ಇಲ್ಲ ಎನ್ನುವ ವಾಕ್ಯ, ವಿನಯದ ವಾಕ್ಯ ಇಷ್ಟು ಗಟ್ಟಿಯಾದರೆ ಅವರು ದುಬೈಯ ಅಂಗಡಿಯಲ್ಲಿ ವ್ಯವಹಾರ ನಡೆಸಬಲ್ಲರು.

ಇದರ ಇನ್ನೊಂದು ತುದಿಯಲ್ಲಿ ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೋಗುವವರಿದ್ದಾರೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಲು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಓದು, ಆಲಿಕೆ, ಮಾತುಗಳಲ್ಲಿ 7, ಬರಹದಲ್ಲಿ 6.5 ಬೇಕು, ಇಲ್ಲವೇ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿ ಪಾಸಾಗಬೇಕು. ಒಇಟಿಯ ಬರಹದ ಪರೀಕ್ಷೆ 45 ನಿಮಿಷದ್ದು. ರೋಗಿಯ ಕೇಸ್ ನೋಟ್ಸ್ ಓದಿ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಪತ್ರ ಬರೆಯಬೇಕು. ಕೇಸ್ ನೋಟ್ಸ್ ಆರ್ಟಿಕಲ್ ಇಲ್ಲದ, ಕ್ರಿಯಾಪದ ಅರ್ಧ ಬಿಟ್ಟ ತುಂಡು ವಾಕ್ಯಗಳಲ್ಲಿರುತ್ತವೆ: 'ಫೀವರ್ 4 ಡೇಸ್, ಆನ್ ಮೆಟ್‌ಫಾರ್ಮಿನ್ ಸಿನ್ಸ್ 2018'. ಅವನ್ನು ಪೂರ್ಣ ವಾಕ್ಯವಾಗಿಸುವಾಗ ಬಿಟ್ಟುಹೋದ 'ಎ', 'ದ'ಗಳನ್ನೂ ಸರಿಯಾದ ಕಾಲವನ್ನೂ ಬರೆಯುವವರೇ ತುಂಬಬೇಕು. ಶಾಲೆಯ ದಿನಗಳಿಂದ ಜತೆಗೆ ಬಂದ ಆರ್ಟಿಕಲ್ ಮತ್ತು ಪರ್ಫೆಕ್ಟ್ ಟೆನ್ಸ್ ಇಲ್ಲಿ ಅಂಕಕ್ಕಿಂತ ದೊಡ್ಡ ವಿಷಯವಾಗುತ್ತವೆ. 'ಹ್ಯಾಸ್ ಬೀನ್ ಟೇಕಿಂಗ್' ಎಂದು ಬರೆದರೆ ರೋಗಿ ಆ ಮಾತ್ರೆಯನ್ನು ಈಗಲೂ ತೆಗೆದುಕೊಳ್ಳುತ್ತಿದ್ದಾರೆ, 'ಟುಕ್' ಎಂದು ಬರೆದರೆ ನಿಲ್ಲಿಸಿದ್ದಾರೆ ಎಂದೇ ಪತ್ರ ಓದುವ ವೈದ್ಯರು ತಿಳಿಯುತ್ತಾರೆ, ಮುಂದಿನ ಔಷಧಿಯನ್ನು ಅದಕ್ಕೆ ತಕ್ಕಂತೆ ಬರೆಯುತ್ತಾರೆ.